ಬೆಟ್ಟದ ಮೇಲಿನ ಕೆರೆ, ಮನೆಮಂದಿಯ ರಜೆ: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ಏಪ್ರಿಲ್ ಬಂತೆಂದರೆ ಬೆಂಗಳೂರು, ಮೈಸೂರಿನ ಮನೆಗಳಲ್ಲಿ ಒಂದು ಮಾತು ಎದ್ದೇ ಏಳುತ್ತದೆ: "ಈ ಸಲ ಊಟಿಗೆ ಹೋಗೋಣ್ವಾ?" ಅಟ್ಟದ ಮೇಲಿದ್ದ ಸ್ವೆಟರುಗಳು ಕೆಳಗಿಳಿಯುತ್ತವೆ. ಡಬ್ಬಿಗೆ ಚಕ್ಕುಲಿ, ಕೋಡುಬಳೆ ತುಂಬುತ್ತವೆ. ಕೆರೆಯ ಹತ್ತಿರದ ರೆಸಾರ್ಟಿನಲ್ಲಿ ಎರಡು ರೂಮು, ಮಕ್ಕಳಿಗೆ ಬೋಟಿಂಗ್, ದೊಡ್ಡವರಿಗೆ ಬೆಂಕಿಯ ಮುಂದೆ ಹರಟೆ. ಮೂರು ದಿನ ಹಾಯಾಗಿರಬೇಕು, ಅಷ್ಟೇ ಆಸೆ.

ಹೊರಡುವ ಹೊತ್ತಿಗೆ ಬ್ಯಾಗಿನಲ್ಲಿ ಇನ್ನೂ ಕೆಲವು ವಸ್ತುಗಳು ಸೇರಿರುತ್ತವೆ. ಉಸಿರಾಟಕ್ಕೆಂದು ಬಟ್ಟೆಯಲ್ಲಿ ಕಟ್ಟಿದ ಕರ್ಪೂರ, ವಾಂತಿಗೆಂದು ನಿಂಬೆಹಣ್ಣು, ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್. ಮನೆಯವರ ಬಗ್ಗೆ ಕಾಳಜಿ ಇರುವುದರಿಂದಲೇ ಇವನ್ನೆಲ್ಲ ಇಟ್ಟುಕೊಳ್ಳುತ್ತೇವೆ. ಆದರೆ ಬೆಟ್ಟದ ಪ್ರವಾಸದಲ್ಲಿ ನಮ್ಮ ಭಯ ಮತ್ತು ನಿಜವಾದ ಅಪಾಯ ಬೇರೆ ಬೇರೆ ಕಡೆ ಇರುತ್ತವೆ. ಕಿವಿ ಮುಚ್ಚಿಕೊಳ್ಳುವುದು, ಚಿಪ್ಸ್ ಪೊಟ್ಟಣ ಉಬ್ಬುವುದು, ಬೇಳೆ ಬೇಯದಿರುವುದು ನಮ್ಮನ್ನು ಗಾಬರಿಗೊಳಿಸುತ್ತವೆ. ಇವುಗಳಿಂದ ಏನೂ ಆಗುವುದಿಲ್ಲ. ಜೀವ ತೆಗೆಯಬಲ್ಲವು ಮುಖ್ಯವಾಗಿ ಎರಡು: ಮುಚ್ಚಿದ ಕೋಣೆಯೊಳಗಿನ ಕೆಂಡ ಮತ್ತು ಮಕ್ಕಳ ಹತ್ತಿರವಿರುವ ನೀರು. ಇವೆರಡೂ ಸದ್ದು ಮಾಡುವುದಿಲ್ಲ.

ಊಟಿ ಪ್ರವಾಸವನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಹತ್ತುವ ದಾರಿಯಿಂದ ಇಳಿಯುವ ದಾರಿಯವರೆಗೆ ಒಂದೊಂದನ್ನೇ ನೋಡೋಣ. ಕೊಡೈಕೆನಾಲ್‌ಗೆ ಹೋದರೂ ನೈನಿತಾಲ್‌ಗೆ ಹೋದರೂ ವಿಜ್ಞಾನ ಒಂದೇ.

ಘಾಟಿಯಲ್ಲಿ ಕಿವಿ ಯಾಕೆ ಮುಚ್ಚಿಕೊಳ್ಳುತ್ತದೆ?

ಗುಂಡ್ಲುಪೇಟೆ, ಬಂಡೀಪುರ ದಾಟಿ ಮಸಿನಗುಡಿಯ ಮೂಲಕ ಹೋದರೆ ಸಿಗುವುದು ಕಲ್ಹಟ್ಟಿ ಘಾಟಿ. ಅದರಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಮಸಿನಗುಡಿಯಿಂದ ಊಟಿಗೆ ಸುಮಾರು 30 ಕಿಲೋಮೀಟರ್. ಅಷ್ಟರಲ್ಲೇ ನಾವು 1,200 ಮೀಟರಿಗೂ ಹೆಚ್ಚು ಮೇಲೇರಿರುತ್ತೇವೆ. ಊಟಿ ಇರುವುದು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ.

ನಮ್ಮ ತಲೆಯ ಮೇಲೆ ಗಾಳಿಯ ದೊಡ್ಡ ರಾಶಿಯೇ ಇದೆ. ಮೇಲೆ ಹೋದಷ್ಟೂ ಆ ರಾಶಿ ಕಡಿಮೆಯಾಗುತ್ತದೆ, ಒತ್ತಡವೂ ಕಡಿಮೆಯಾಗುತ್ತದೆ. ಸಮುದ್ರಮಟ್ಟದ ಒತ್ತಡವನ್ನು 100 ಎಂದುಕೊಂಡರೆ ಬೆಂಗಳೂರಿನಲ್ಲಿ ಅದು ಸುಮಾರು 90, ಊಟಿಯಲ್ಲಿ ಸುಮಾರು 76. ಕಿವಿಯ ತಮಟೆಯ ಹಿಂದೆ ಸ್ವಲ್ಪ ಗಾಳಿ ಇರುತ್ತದೆ. ಹೊರಗಿನ ಒತ್ತಡ ಬೇಗ ಬೇಗ ಇಳಿದಾಗ ಒಳಗಿನ ಗಾಳಿ ತಮಟೆಯನ್ನು ಹೊರಕ್ಕೆ ತಳ್ಳುತ್ತದೆ. ಆಗಲೇ ಕಿವಿ ಮುಚ್ಚಿದಂತೆ ಅನಿಸುವುದು. ಮಧ್ಯಕಿವಿಯಿಂದ ಗಂಟಲಿಗೆ ಒಂದು ಸಣ್ಣ ನಾಳವಿದೆ. ಎಂಜಲು ನುಂಗಿದಾಗ, ಆಕಳಿಸಿದಾಗ ಅದು ತೆರೆದು ಎರಡೂ ಕಡೆಯ ಒತ್ತಡ ಸಮವಾಗುತ್ತದೆ. "ಟಪ್" ಎಂದು ಕೇಳುವುದು ಅದೇ.

ಮಕ್ಕಳಿಗೆ ಚಪ್ಪರಿಸಲು ಒಂದು ಪೆಪ್ಪರ್‌ಮಿಂಟ್ ಕೊಡಿ. ಹಸುಗೂಸಿದ್ದರೆ ಹತ್ತುವಾಗಲೂ ಇಳಿಯುವಾಗಲೂ ನಡುನಡುವೆ ಗಾಡಿ ನಿಲ್ಲಿಸಿ ಹಾಲು ಕುಡಿಸಿ. ನೆಗಡಿಯಾಗಿದ್ದರೆ ಆ ನಾಳ ಊದಿಕೊಂಡಿರುವುದರಿಂದ ನೋವು ಸ್ವಲ್ಪ ಹೆಚ್ಚಾಗಬಹುದು. ಹಿಂದಿನ ಸೀಟಿನಲ್ಲಿ ಚಿಪ್ಸ್ ಪೊಟ್ಟಣ ಬಲೂನಿನಂತೆ ಉಬ್ಬಿದ್ದರೆ ಅದಕ್ಕೂ ಇದೇ ಕಾರಣ: ಕೆಳಗಿನ ಊರಿನಲ್ಲಿ ತುಂಬಿದ ಗಾಳಿ ಒಳಗಿದೆ, ಹೊರಗೆ ಒತ್ತಡ ಇಳಿದಿದೆ. ಒಳಗಿನ ತಿಂಡಿ ಕೆಟ್ಟಿಲ್ಲ, ಧಾರಾಳವಾಗಿ ತಿನ್ನಿ.

ನಿಂಬೆಹಣ್ಣು ಮೂಸಿದರೆ ವಾಂತಿ ನಿಲ್ಲುತ್ತದೆಯೇ?

ತಿರುವುಗಳಲ್ಲಿ ಹೊಟ್ಟೆ ತೊಳಸುವುದು ಹೊಟ್ಟೆಯ ತಪ್ಪಲ್ಲ. ಅದು ಕಣ್ಣಿಗೂ ಒಳಕಿವಿಗೂ ನಡೆಯುವ ಜಗಳ. ಒಳಕಿವಿಯಲ್ಲಿರುವ ದ್ರವ ತುಂಬಿದ ನಾಳಗಳು ದೇಹದ ಚಲನೆಯನ್ನು ಅಳೆಯುತ್ತವೆ. ಮಗು ಮೊಬೈಲ್ ನೋಡುತ್ತಾ ಕೂತಿದ್ದರೆ ಕಣ್ಣು "ನಾವು ಅಲುಗಾಡುತ್ತಿಲ್ಲ" ಎನ್ನುತ್ತದೆ, ಕಿವಿ "ನಾವು ಗಿರಗಿರ ತಿರುಗುತ್ತಿದ್ದೇವೆ" ಎನ್ನುತ್ತದೆ. ಈ ಎರಡು ಮಾತು ಹೊಂದದೆ ಮಿದುಳು ಗೊಂದಲಕ್ಕೆ ಬೀಳುತ್ತದೆ, ಅದರ ಫಲ ವಾಕರಿಕೆ.

ಹಾಗಾಗಿ ಪರಿಹಾರವೂ ಕಣ್ಣಿನಿಂದಲೇ ಶುರುವಾಗಬೇಕು. ಮೊಬೈಲ್ ಒಳಗಿಡಿಸಿ. ಮುಂದಿನ ರಸ್ತೆಯನ್ನೋ ದೂರದ ಬೆಟ್ಟವನ್ನೋ ನೋಡಲು ಹೇಳಿ. ಕಿಟಕಿಯ ಗಾಜು ಇಳಿಸಿ. ಹೊರಡುವ ಮುಂಚೆ ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯ ಭರ್ಜರಿ ಊಟವೂ ಬೇಡ. ಎರಡು ಇಡ್ಲಿ ಸಾಕು. ನಿಂಬೆಯ ವಾಸನೆ ಹಿತವೆನಿಸಿದರೆ ಮೂಸಲು ಅಡ್ಡಿಯಿಲ್ಲ, ಆದರೆ ಜಗಳದ ಮೂಲವನ್ನು ಅದು ಬಿಡಿಸುವುದಿಲ್ಲ. ಮಾತ್ರೆ ಬೇಕಿದ್ದರೆ ವಾಂತಿ ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ, ಘಾಟಿ ಹತ್ತುವ ಮೊದಲೇ ತೆಗೆದುಕೊಳ್ಳಬೇಕು. ಚಿಕ್ಕ ಮಕ್ಕಳಿಗೆ ಮಾತ್ರ ವೈದ್ಯರನ್ನು ಕೇಳದೆ ಕೊಡಬೇಡಿ. ಇಂಥ ಮಾತ್ರೆಗಳಲ್ಲಿ ಹಲವು ನಿದ್ದೆ ಬರಿಸುವುದರಿಂದ ಗಾಡಿ ಓಡಿಸುವವರು ನುಂಗಬಾರದು.

ಕರ್ಪೂರ ಮೂಸಿದರೆ ಆಕ್ಸಿಜನ್ ಹೆಚ್ಚುತ್ತದೆಯೇ?

ಇಲ್ಲ. ಕರ್ಪೂರದ ಘಾಟು ಮೂಗಿನ ನರಗಳನ್ನು ಕೆಣಕಿ ತಂಪಾದ ಅನುಭವ ಕೊಡುತ್ತದೆ. "ಉಸಿರು ಸಲೀಸಾಯಿತು" ಎಂದು ಅನಿಸುವುದು ಅದರಿಂದ. ರಕ್ತದಲ್ಲಿರುವ ಆಕ್ಸಿಜನ್ ಎಳ್ಳಷ್ಟೂ ಹೆಚ್ಚುವುದಿಲ್ಲ. ಮಗು ಕರ್ಪೂರವನ್ನು ಕಲ್ಲುಸಕ್ಕರೆಯೆಂದು ಬಾಯಿಗೆ ಹಾಕಿಕೊಂಡು ನುಂಗಿದರೆ ಫಿಟ್ಸ್ ಬರುವ ಅಪಾಯವಿದೆ. ಅದನ್ನು ಮನೆಯಲ್ಲೇ ಬಿಟ್ಟುಹೋಗುವುದು ಒಳ್ಳೆಯದು.

ಬೆಟ್ಟದ ಮೇಲೂ ಗಾಳಿಯಲ್ಲಿ ಆಕ್ಸಿಜನ್ ಪ್ರಮಾಣ ಶೇಕಡ 21ರಷ್ಟೇ ಇರುತ್ತದೆ. ಗಾಳಿ ತೆಳುವಾಗಿರುವುದರಿಂದ ಒಂದು ಉಸಿರಿಗೆ ಸಿಗುವ ಆಕ್ಸಿಜನ್ ಕಡಿಮೆ. ಮೆಟ್ಟಿಲು ಹತ್ತುವಾಗ ಏದುಸಿರು ಬರುವುದು ಅದಕ್ಕೆ. ಆದರೆ ಬೆಟ್ಟದ ಕಾಯಿಲೆ ಎನ್ನುವುದು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರ್ ದಾಟಿದ ಮೇಲೆ. ಲೇಹ್‌ನಲ್ಲಿ ಅದರ ಬಗ್ಗೆ ಎಚ್ಚರ ಬೇಕು. ಆರೋಗ್ಯವಾಗಿರುವವರಿಗೆ ಊಟಿಯಲ್ಲಿ ಅದರ ಚಿಂತೆ ಬೇಕಿಲ್ಲ. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವ ಹಿರಿಯರು, ಗರ್ಭಿಣಿಯರು, ಸಿಕಲ್ ಸೆಲ್ ಕಾಯಿಲೆ ಇರುವವರು ಹೊರಡುವ ಮುಂಚೆ ವೈದ್ಯರಲ್ಲಿ ಒಂದು ಮಾತು ಕೇಳಿದರೆ ಸಾಕು.

ಇಲ್ಲಿ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಊಟಿಯಂಥ ಊರಿನಲ್ಲಿ ತಲೆನೋವು, ವಾಕರಿಕೆ, ಮಂಪರು ಬಂದರೆ "ಎತ್ತರಕ್ಕೆ ಹೀಗಾಗುತ್ತೆ, ಮಲಗಿದರೆ ಸರಿಹೋಗುತ್ತೆ" ಎಂದು ಸುಮ್ಮನಾಗಬೇಡಿ. ಯಾಕೆಂದು ರಾತ್ರಿಯ ಭಾಗಕ್ಕೆ ಬಂದಾಗ ಹೇಳುತ್ತೇವೆ.

ಅಲ್ಲಿ ಬೇಳೆ ಯಾಕೆ ಬೇಯುವುದಿಲ್ಲ?

ಕೆಲವು ರೆಸಾರ್ಟುಗಳಲ್ಲಿ ರೂಮಿನ ಜೊತೆ ಚಿಕ್ಕ ಅಡುಗೆಮನೆ ಇರುತ್ತದೆ. ತೊಗರಿಬೇಳೆಯನ್ನು ಪಾತ್ರೆಯಲ್ಲಿ ಬೇಯಲು ಇಟ್ಟು ಮುಕ್ಕಾಲು ಗಂಟೆ ಕಾದು "ಇಲ್ಲಿನ ನೀರು ಸರಿಯಿಲ್ಲ" ಎನ್ನುವವರಿದ್ದಾರೆ. ನೀರಿನದೇನೂ ತಪ್ಪಿಲ್ಲ. ಒತ್ತಡ ಕಡಿಮೆಯಿರುವ ಕಡೆ ನೀರು ಬೇಗನೆ ಕುದಿಯುತ್ತದೆ. ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವ ನೀರು ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿಗೆ, ಊಟಿಯಲ್ಲಿ ಸುಮಾರು 92 ಡಿಗ್ರಿಗೆ ಕುದಿಯುತ್ತದೆ. ಒಮ್ಮೆ ಕುದಿ ಬಂದ ಮೇಲೆ ಎಷ್ಟು ಉರಿ ಹೆಚ್ಚಿಸಿದರೂ ನೀರಿನ ಬಿಸಿ ಅದಕ್ಕಿಂತ ಮೇಲೇರುವುದಿಲ್ಲ. ಆವಿ ಹೆಚ್ಚಾಗುತ್ತದೆ, ಗ್ಯಾಸ್ ಖರ್ಚಾಗುತ್ತದೆ, ಬೇಳೆ ಹಾಗೇ ಇರುತ್ತದೆ.

ಕುಕ್ಕರ್ ಇದ್ದರೆ ಈ ಕಷ್ಟವಿಲ್ಲ. ಅದು ಆವಿಯನ್ನು ಒಳಗೇ ತಡೆದು ತನ್ನದೇ ಒತ್ತಡವನ್ನು ಸೇರಿಸುತ್ತದೆ. ಊಟಿಯಲ್ಲೂ ಅದರೊಳಗಿನ ಬಿಸಿ 115 ಡಿಗ್ರಿ ದಾಟುತ್ತದೆ. ಕುಡಿಯುವ ನೀರಿನ ಬಗ್ಗೆಯೂ ಅನುಮಾನ ಬೇಡ. 92 ಡಿಗ್ರಿಯಲ್ಲಿ ಕುದಿದರೂ ರೋಗಾಣುಗಳು ಸಾಯುತ್ತವೆ. ಚೆನ್ನಾಗಿ ಕುದಿ ಬಂದ ಮೇಲೆ ಮೂರು ನಿಮಿಷ ಹಾಗೇ ಬಿಟ್ಟರೆ ಸಾಕು.

ತಣ್ಣಗಿದ್ದರೂ ಬಿಸಿಲು ಸುಡುತ್ತದೆ

"ಇಲ್ಲೇನು ಬಿಸಿಲು, ಟೋಪಿ ಯಾಕೆ?" ಎನ್ನುವುದು ಕೆರೆಯ ದಡದಲ್ಲಿ ಕೇಳುವ ಮಾತು. ಚರ್ಮವನ್ನು ಸುಡುವುದು ಬಿಸಿಲಿನ ಕಾವಲ್ಲ, ಅದರಲ್ಲಿರುವ ಅತಿನೇರಳೆ ಕಿರಣ. ಕಾವು ಇಲ್ಲದಿದ್ದರೂ ಆ ಕಿರಣ ಇರುತ್ತದೆ. ಪ್ರತಿ 1,000 ಮೀಟರ್ ಮೇಲೇರಿದಾಗ ಅದು ಸುಮಾರು ಶೇಕಡ 10ರಷ್ಟು ಹೆಚ್ಚುತ್ತದೆ, ಯಾಕೆಂದರೆ ತಡೆಯಲು ಗಾಳಿ ಕಡಿಮೆ. ತೆಳುವಾದ ಮೋಡದ ಮೂಲಕವೂ ಅದರ ಬಹುಪಾಲು ಕೆಳಗಿಳಿಯುತ್ತದೆ. ಕೆಳಗಿನ ಊರಿನಲ್ಲಾದರೆ ಸೆಕೆಯಾಗಿ ನಾವೇ ನೆರಳಿಗೆ ಓಡುತ್ತೇವೆ. ಇಲ್ಲಿ ತಂಗಾಳಿ ನಮ್ಮನ್ನು ಮರೆಸುತ್ತದೆ. ಎರಡು ಗಂಟೆ ಬೋಟಿನಲ್ಲಿ ಕೂತ ಮಕ್ಕಳ ಮೂಗು, ಕೆನ್ನೆ ರಾತ್ರಿಗೆ ಉರಿಯತೊಡಗುತ್ತವೆ. ಅಗಲ ಅಂಚಿನ ಟೋಪಿ, ತುಂಬು ತೋಳಿನ ಅಂಗಿ, ಸನ್‌ಸ್ಕ್ರೀನ್ ಬಳಸಿ.

ಕೆರೆಯ ಬಳಿ: ಮುಳುಗುವವರು ಕೂಗುವುದಿಲ್ಲ

ಊಟಿಯ ಸರೋವರ ನಿಸರ್ಗ ಮಾಡಿದ್ದಲ್ಲ. 1820ರ ದಶಕದಲ್ಲಿ ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ ಹೊಳೆಯ ನೀರಿಗೆ ಅಡ್ಡಕಟ್ಟೆ ಹಾಕಿಸಿ ಮಾಡಿಸಿದ ಕೆರೆ ಅದು. ಈಗ ಅಲ್ಲಿ ಬೋಟಿಂಗ್ ನಡೆಯುತ್ತದೆ. ಇಂಥ ಊರುಗಳ ರೆಸಾರ್ಟುಗಳಲ್ಲಿ ಕೆರೆಯಂಚಿನ ಕಟ್ಟೆ, ಸಣ್ಣ ಹೊಂಡ, ಈಜುಕೊಳಗಳೂ ಇರುತ್ತವೆ. ಮಕ್ಕಳಿಗೆ ಇವುಗಳ ಸೆಳೆತ ಎಷ್ಟೆಂದು ಹೇಳಬೇಕಿಲ್ಲ.

ಸಿನಿಮಾದಲ್ಲಿ ಮುಳುಗುವವರು ಕೈ ಬೀಸುತ್ತಾರೆ, "ಕಾಪಾಡಿ" ಎಂದು ಕೂಗುತ್ತಾರೆ. ನಿಜದಲ್ಲಿ ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ. ಕೂಗಬೇಕೆಂದರೆ ಮೊದಲು ಉಸಿರು ಬೇಕು. ಮುಳುಗುತ್ತಿರುವ ಮಗುವಿನ ಬಾಯಿ ನೀರಿನಿಂದ ಒಂದು ಕ್ಷಣ ಮೇಲೆ ಬಂದು ಮತ್ತೆ ಕೆಳಗಿಳಿಯುತ್ತದೆ. ಅಷ್ಟು ಹೊತ್ತಿನಲ್ಲಿ ಉಸಿರು ಎಳೆದುಕೊಳ್ಳುವುದೇ ಕಷ್ಟ, ಕೂಗುವುದಂತೂ ಆಗದ ಮಾತು. ಕೈಗಳು ತಾವಾಗಿಯೇ ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತವೆ, ಮೇಲೆತ್ತಿ ಬೀಸಲು ಬರುವುದಿಲ್ಲ. ತಲೆ ಹಿಂದಕ್ಕೆ ವಾಲಿರುತ್ತದೆ, ದೇಹ ನೆಟ್ಟಗೆ ನಿಂತಂತಿರುತ್ತದೆ. ದಡದಿಂದ ನೋಡಿದವರಿಗೆ ಮಗು ನೀರಿನಲ್ಲಿ ಆಡುತ್ತಿದೆ ಎಂದೇ ತೋರುತ್ತದೆ. ಹೀಗೆ ಒದ್ದಾಡಲು ಸಿಗುವ ಸಮಯ ಒಂದು ನಿಮಿಷಕ್ಕಿಂತ ಕಡಿಮೆ. ಒಂದು ವಾಟ್ಸಾಪ್ ಸಂದೇಶ ಓದಿ ಉತ್ತರ ಬರೆಯುವಷ್ಟು ಹೊತ್ತು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತಿದ್ದಾರೆ. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ 5 ವರ್ಷದೊಳಗಿನ ಮಕ್ಕಳು.

ಕುಟುಂಬ ದೊಡ್ಡದಿದ್ದಾಗ ಅಪಾಯ ಕಡಿಮೆ ಎಂದು ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಆಗುವುದು ತಿರುವುಮುರುವು. ದಡದಲ್ಲಿ ಎಂಟು ಜನ ದೊಡ್ಡವರಿದ್ದರೆ, ಮಗುವನ್ನು ಚಿಕ್ಕಪ್ಪ ನೋಡುತ್ತಿದ್ದಾನೆಂದು ಅಮ್ಮ, ಅಮ್ಮ ನೋಡುತ್ತಿದ್ದಾಳೆಂದು ಚಿಕ್ಕಪ್ಪ ಅಂದುಕೊಂಡಿರುತ್ತಾರೆ. ಕೊನೆಗೆ ಯಾರೂ ನೋಡುತ್ತಿರುವುದಿಲ್ಲ. ಇದಕ್ಕೆ ಸುಲಭದ ಉಪಾಯ ಪಾಳಿ. "ಈಗ ಹದಿನೈದು ನಿಮಿಷ ನನ್ನ ಪಾಳಿ" ಎಂದು ಬಾಯಿಬಿಟ್ಟು ಹೇಳಿ ಒಬ್ಬರು ಒಪ್ಪಿಕೊಳ್ಳಬೇಕು. ಆ ಹದಿನೈದು ನಿಮಿಷ ಮೊಬೈಲ್ ಇಲ್ಲ, ಹರಟೆ ಇಲ್ಲ. ಈಜು ಬಾರದ ಮಗು ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇರಬೇಕು.

ಇನ್ನೂ ಮೂರು ಸಂಗತಿ ತಿಳಿದಿರಲಿ.

ಒಂದು, ನೀರಿನ ಆಳ ಕಣ್ಣಿಗೆ ಮೋಸ ಮಾಡುತ್ತದೆ. ಬೆಳಕು ನೀರಿನಿಂದ ಹೊರಬರುವಾಗ ಬಾಗುವುದರಿಂದ ತಳ ಮೇಲಕ್ಕೆ ಬಂದಂತೆ ಕಾಣುತ್ತದೆ. ತಿಳಿನೀರಿನ ಈಜುಕೊಳದಲ್ಲಿ ಮೂರು ಅಡಿ ಎಂದು ತೋರುವ ನೀರು ನಿಜಕ್ಕೂ ನಾಲ್ಕು ಅಡಿ ಇರುತ್ತದೆ. ಅಲ್ಲಿ ಬರೆದಿರುವ ಆಳವನ್ನು ನಂಬಿ, ಕಣ್ಣನ್ನಲ್ಲ.

ಎರಡು, ಬೆಟ್ಟದ ನೀರು ತಣ್ಣಗಿರುತ್ತದೆ. 15 ಡಿಗ್ರಿಗಿಂತ ತಣ್ಣನೆಯ ನೀರಿಗೆ ಥಟ್ಟನೆ ಬಿದ್ದರೆ ದೇಹ ತಾನಾಗಿಯೇ ಜೋರಾಗಿ ಉಸಿರೆಳೆದುಕೊಳ್ಳುತ್ತದೆ. ಆ ಕ್ಷಣ ಬಾಯಿ ನೀರೊಳಗಿದ್ದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಒಳ್ಳೆಯ ಈಜುಗಾರರೂ ಮುಳುಗುವುದು ಹೀಗೆ. ಬಿದ್ದರೆ ಕೂಡಲೇ ಈಜಲು ಹೋಗದೆ ಅಂಗಾತ ತೇಲುತ್ತಾ ಒಂದೆರಡು ನಿಮಿಷ ಕಳೆದರೆ ಉಸಿರು ಹತೋಟಿಗೆ ಬರುತ್ತದೆ.

ಮೂರು, ಲೈಫ್ ಜಾಕೆಟ್ ಹೆಗಲ ಮೇಲೆ ಹಾಕಿಕೊಂಡರೆ ಸಾಲದು, ಎಲ್ಲ ಬಕಲ್‌ಗಳೂ ಬಿಗಿಯಾಗಿರಬೇಕು. ಮಗುವಿಗೆ ಹಾಕಿದ ಮೇಲೆ ಹೆಗಲಿನ ಹತ್ತಿರ ಜಾಕೆಟನ್ನು ಮೇಲಕ್ಕೆಳೆದು ನೋಡಿ. ಅದು ಮೂಗಿನವರೆಗೆ ಜಾರಿ ಬಂದರೆ ಅಳತೆ ದೊಡ್ಡದಾಯಿತು, ಚಿಕ್ಕದನ್ನು ಕೇಳಿ ಪಡೆಯಿರಿ. ಗಾಳಿ ತುಂಬುವ ಟ್ಯೂಬು, ತೋಳಿಗೆ ಹಾಕುವ ಬಲೂನು ಆಟದ ಸಾಮಾನುಗಳು; ಅವು ಲೈಫ್ ಜಾಕೆಟ್ ಅಲ್ಲ.

ಹೊಟ್ಟೆ ಒತ್ತಿ ನೀರು ತೆಗೆಯುವುದು ಸರಿಯೇ?

ತಪ್ಪು, ಮತ್ತು ಅಪಾಯಕರ. ನೀರಿನಿಂದ ಎತ್ತಿದವರನ್ನು ಬೋರಲು ಹಾಕಿ ಬೆನ್ನು ಒತ್ತುವುದು, ಮಗುವಾದರೆ ಕಾಲು ಹಿಡಿದು ತಲೆಕೆಳಗಾಗಿ ತೂಗುವುದು, ತಲೆಯ ಮೇಲೆ ಹೊತ್ತು ಗರಗರ ತಿರುಗಿಸುವುದು ನಮ್ಮ ಕಡೆ ಇಂದಿಗೂ ನಡೆಯುತ್ತದೆ. ಶ್ವಾಸಕೋಶದಲ್ಲಿ ಸಾಮಾನ್ಯವಾಗಿ ಹಾಗೆ ಸುರಿಸುವಷ್ಟು ನೀರು ಇರುವುದಿಲ್ಲ. ಹೊಟ್ಟೆ ಒತ್ತಿದರೆ ಅದರಲ್ಲಿರುವುದು ಮೇಲೆ ಬಂದು ಶ್ವಾಸನಾಳಕ್ಕೆ ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಿದುಳು ಆಕ್ಸಿಜನ್ ಇಲ್ಲದೆ ಒದ್ದಾಡುತ್ತಿರುವ ಆ ಅಮೂಲ್ಯ ನಿಮಿಷಗಳು ವ್ಯರ್ಥವಾಗುತ್ತವೆ.

ಮಾಡಬೇಕಾದದ್ದು ಹೀಗೆ. ಈಜು ಬಾರದವರು ನೀರಿಗೆ ಹಾರಬೇಡಿ. ಸೀರೆ, ಹಗ್ಗ, ಉದ್ದನೆಯ ಕೋಲು, ಮುಚ್ಚಳ ಹಾಕಿದ ಖಾಲಿ ಕ್ಯಾನ್ ಏನಾದರೂ ಎಸೆಯಿರಿ. ದಡಕ್ಕೆ ತಂದ ಮೇಲೆ ಅಂಗಾತ ಮಲಗಿಸಿ ಉಸಿರಾಟ ನೋಡಿ. ಉಸಿರಿಲ್ಲದಿದ್ದರೆ ಒಬ್ಬರು 112 ಅಥವಾ 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಎರಡು ಸಲ ಉಸಿರು ತುಂಬಬೇಕು. ನಂತರ ಎದೆಯ ನಡುವೆ 30 ಸಲ ಒತ್ತಬೇಕು, ನಿಮಿಷಕ್ಕೆ 100ರಿಂದ 120 ಸಲದ ವೇಗದಲ್ಲಿ. ಮತ್ತೆ ಎರಡು ಉಸಿರು, ಮತ್ತೆ 30 ಒತ್ತು. ಹೃದಯಾಘಾತದಲ್ಲಿ ಎದೆ ಒತ್ತುವುದಷ್ಟೇ ಸಾಕಾಗಬಹುದು. ಮುಳುಗಿದವರಿಗೆ ಮೊದಲು ಬೇಕಾಗಿರುವುದು ಉಸಿರು. ಅವರು ಚೇತರಿಸಿಕೊಂಡು ಎದ್ದು ಕೂತರೂ ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕು, ಕೆಲವು ಗಂಟೆಗಳ ಬಳಿಕ ಉಸಿರಾಟದ ತೊಂದರೆ ಕಾಣಿಸಿಕೊಳ್ಳಬಹುದು.

ರಾತ್ರಿಯ ಚಳಿ: ಒಳಗೆ ತಂದ ಕೆಂಡ

ಸಂಜೆಯಾಗುತ್ತಲೇ ಚಳಿ ಏರುತ್ತದೆ. ಅಂಗಳದಲ್ಲಿ ಬಾರ್ಬೆಕ್ಯೂ ಒಲೆಯೋ ಅಗ್ಗಿಷ್ಟಿಕೆಯೋ ಉರಿದಿರುತ್ತದೆ. ಮಲಗುವ ಹೊತ್ತಿಗೆ ಬೆಂಕಿ ಆರಿ, ಕೆಂಪಗೆ ಹೊಳೆಯುವ ಕೆಂಡವಷ್ಟೇ ಉಳಿದಿರುತ್ತದೆ. "ಹೊಗೆ ಇಲ್ವಲ್ಲ, ಒಳಗಿಟ್ಟುಕೊಂಡರೆ ಬೆಚ್ಚಗಿರುತ್ತೆ" ಎಂದು ಯಾರೋ ಹೇಳುತ್ತಾರೆ. ಅದನ್ನು ಕೋಣೆಗೆ ತಂದು, ಕಿಟಕಿ ಬಾಗಿಲು ಭದ್ರವಾಗಿ ಹಾಕಿ ಮಲಗುತ್ತಾರೆ. ಬೆಳಿಗ್ಗೆ ಬಾಗಿಲು ತಟ್ಟಿದರೆ ಒಳಗಿನಿಂದ ಉತ್ತರ ಬರುವುದಿಲ್ಲ. ಗಿರಿಧಾಮಗಳಿಂದ ಇಂಥ ಸುದ್ದಿ ಮತ್ತೆ ಮತ್ತೆ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ.

ಕೊಲ್ಲುವುದು ಹೊಗೆಯಲ್ಲ, ಕಾರ್ಬನ್ ಮೋನಾಕ್ಸೈಡ್ ಎಂಬ ಅನಿಲ. ಇದ್ದಿಲಿಗೆ ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದಾಗ ಅದು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಕಣ್ಣನ್ನು ಉರಿಸುವುದಿಲ್ಲ, ಕೆಮ್ಮು ಬರಿಸುವುದಿಲ್ಲ. ನಮ್ಮ ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್‌ಗೆ ಅದು ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟುಗಳನ್ನೆಲ್ಲ ಹಿಡಿದು ಕೂತ ಪ್ರಯಾಣಿಕ ಇಳಿಯಲು ಒಪ್ಪದಂತೆ. ಉಸಿರಾಟ ನಡೆಯುತ್ತಿದ್ದರೂ ಮಿದುಳಿಗೆ, ಹೃದಯಕ್ಕೆ ಆಕ್ಸಿಜನ್ ತಲುಪುವುದಿಲ್ಲ. ಆರುತ್ತಿರುವ ಕೆಂಡವೂ ಗಂಟೆಗಟ್ಟಲೆ ಈ ಅನಿಲವನ್ನು ಬಿಡುತ್ತಿರುತ್ತದೆ.

ಮೊದಲು ತಲೆನೋವು, ವಾಕರಿಕೆ, ಸುಸ್ತು, ಮಂಪರು. ಘಾಟಿ ಹತ್ತಿ ಬಂದ ಆಯಾಸದ ಲಕ್ಷಣಗಳೂ ಇವೇ. ಅದಕ್ಕೇ "ಮಲಗಿದರೆ ಸರಿಹೋಗುತ್ತೆ" ಎಂಬ ಮಾತು ಇಲ್ಲಿ ಅಪಾಯಕರ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಒಂದೇ ಕೋಣೆಯಲ್ಲಿರುವ ಇಬ್ಬರಿಗೆ, ಮೂವರಿಗೆ ಒಟ್ಟಿಗೇ ತಲೆನೋವು ಬಂದರೆ, ಹೊರಗೆ ಹೋದಾಗ ಅದು ಕಡಿಮೆಯಾದರೆ, ಬೇರೆ ಕಾರಣ ಹುಡುಕುತ್ತಾ ಕೂರಬೇಡಿ.

ಆಗ ಬ್ಯಾಗಿನಲ್ಲಿರುವ ಆಕ್ಸಿಮೀಟರ್ ನೆನಪಾಗುತ್ತದೆ. ಬೆರಳಿಗೆ ಸಿಕ್ಕಿಸಿದರೆ 97, 98 ಎಂದು ತೋರಿಸಿ ಸಮಾಧಾನವನ್ನೂ ಕೊಡಬಹುದು. ಆ ಸಮಾಧಾನ ಸುಳ್ಳು. ಮನೆಯಲ್ಲಿರುವ ಸಾಮಾನ್ಯ ಆಕ್ಸಿಮೀಟರ್ ರಕ್ತದ ಬಣ್ಣವನ್ನು ನೋಡಿ ಲೆಕ್ಕ ಹಾಕುತ್ತದೆ. ಕಾರ್ಬನ್ ಮೋನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ ಅದಕ್ಕೆ ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್‌ನಂತೆಯೇ ಕಾಣುತ್ತದೆ.

ಇದರ ಸುತ್ತ ಇರುವ ನಂಬಿಕೆಗಳನ್ನೂ ನೋಡಿ. ಕೆಂಡದ ಪಕ್ಕ ಒಂದು ಬೋಗುಣಿ ನೀರಿಟ್ಟರೆ ವಿಷಗಾಳಿ ಹೀರಿಕೊಳ್ಳುತ್ತದೆ ಎನ್ನುತ್ತಾರೆ. ಈ ಅನಿಲ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಕಿಟಕಿ ಬೆರಳಷ್ಟು ತೆರೆದರೆ ಸಾಕು ಎನ್ನುತ್ತಾರೆ. ಸಾಕೋ ಸಾಲದೋ ಎಂದು ನಿದ್ದೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಹಿಂದಿನವರು ಒಳಗೇ ಅಗ್ಗಿಷ್ಟಿಕೆ ಇಟ್ಟು ಮಲಗುತ್ತಿರಲಿಲ್ಲವೇ ಎಂದು ಕೇಳುತ್ತಾರೆ. ಹೆಂಚಿನ ಮನೆಯ ಸಂದುಗಳಲ್ಲಿ ಗಾಳಿ ಆಡುತ್ತಿತ್ತು. ರೆಸಾರ್ಟಿನ ಕೋಣೆ ಚಳಿ ಒಳಗೆ ಬರದಂತೆ ಬಿಗಿಯಾಗಿ ಕಟ್ಟಿದ್ದು. ಅಂಥ ಹಳೆಯ ಮನೆಗಳಲ್ಲೂ ಸಾವುಗಳಾಗುತ್ತಿದ್ದವು.

ಆದ್ದರಿಂದ ನಿಯಮ ಒಂದೇ: ಕೆಂಡ ಯಾವ ಕಾರಣಕ್ಕೂ ಹೊಸ್ತಿಲು ದಾಟಿ ಒಳಗೆ ಬರಬಾರದು. ಟೆಂಟಿನೊಳಗೂ ಬೇಡ. ಚಿಮಣಿ ಇರುವ ಬೆಂಕಿಗೂಡು ಕೋಣೆಯಲ್ಲಿದ್ದರೆ ಚಿಮಣಿ ಶುಚಿಯಾಗಿದೆಯೇ ಎಂದು ಕೇಳಿ, ಮಲಗುವ ಮೊದಲು ಬೆಂಕಿ ಪೂರ್ತಿ ಆರಿಸಿ. ಬಚ್ಚಲಿನ ಗ್ಯಾಸ್ ಗೀಸರ್‌ನಿಂದಲೂ ಇದೇ ಅನಿಲ ಬರುತ್ತದೆ. ಗಾಳಿಯಾಡದ ಬಚ್ಚಲಿನೊಳಗೆ ಅದನ್ನು ಕೂರಿಸಿದ್ದರೆ ಬೇರೆ ಕೋಣೆ ಕೇಳಿ. ಬೆಚ್ಚಗಿರಲು ಹೆಚ್ಚುವರಿ ಕಂಬಳಿ, ಬಿಸಿನೀರಿನ ಚೀಲ, ಹಾಸಿಗೆಯಿಂದ ದೂರ ಇಟ್ಟ ವಿದ್ಯುತ್ ಹೀಟರ್ ಸಾಕು.

ಯಾರಾದರೂ ಮಂಪರಿನಲ್ಲಿದ್ದರೆ ಮೊದಲು ಅವರನ್ನು ಬಯಲಿಗೆ ತನ್ನಿ, ಬಾಗಿಲು ಕಿಟಕಿ ತೆರೆಯಿರಿ, 108ಕ್ಕೆ ಕರೆ ಮಾಡಿ, "ಕೋಣೆಯಲ್ಲಿ ಕೆಂಡವಿತ್ತು" ಎಂದು ವೈದ್ಯರಿಗೆ ಹೇಳಿ. ಆ ಒಂದು ಮಾತು ಚಿಕಿತ್ಸೆಯ ದಿಕ್ಕನ್ನೇ ಬದಲಿಸುತ್ತದೆ. ಬರಿಯ ಗಾಳಿಯಲ್ಲಿ ರಕ್ತದಿಂದ ಅರ್ಧದಷ್ಟು ವಿಷ ಹೊರಹೋಗಲು ನಾಲ್ಕೈದು ಗಂಟೆ ಬೇಕು. ಆಸ್ಪತ್ರೆಯಲ್ಲಿ ಶುದ್ಧ ಆಕ್ಸಿಜನ್ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಅಷ್ಟು ಹೊರಹೋಗುತ್ತದೆ. ಗರ್ಭಿಣಿಯಿದ್ದರೆ, ಆಕೆ ಚೆನ್ನಾಗಿದ್ದಂತೆ ಕಂಡರೂ ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ಹೊಟ್ಟೆಯಲ್ಲಿರುವ ಮಗುವಿಗೆ ಇದು ಹೆಚ್ಚು ಅಪಾಯಕರ.

ಬ್ರಾಂದಿ ಕುಡಿದರೆ ಮೈ ಬೆಚ್ಚಗಾಗುತ್ತದೆಯೇ?

ಬೆಚ್ಚಗಾದಂತೆ ಅನಿಸುತ್ತದೆ, ಅಷ್ಟೇ. ಮದ್ಯ ಚರ್ಮದ ಕೆಳಗಿನ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬಿಸಿರಕ್ತ ಚರ್ಮಕ್ಕೆ ಬಂದಾಗ ಕೆನ್ನೆ, ಕೈ ಬಿಸಿಯೆನಿಸುತ್ತವೆ. ಆ ಬಿಸಿ ಅಲ್ಲಿಂದ ಹೊರಗಿನ ಚಳಿಗಾಳಿಗೆ ಸೋರಿ, ದೇಹದ ಒಳಭಾಗ ತಣ್ಣಗಾಗುತ್ತದೆ. ಮಗುವಿನ ಎದೆಗೆ ಬ್ರಾಂದಿ ಸವರುವುದೂ, ಚಮಚದಲ್ಲಿ ಕುಡಿಸುವುದೂ ಖಂಡಿತ ಬೇಡ. ಕುಡಿದವರು ಬೋಟಿಗೆ ಹತ್ತುವುದಾಗಲಿ, ನೀರಿನ ಪಾಳಿ ವಹಿಸಿಕೊಳ್ಳುವುದಾಗಲಿ ಕೂಡದು.

ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆಯೇ?

ರಜೆ ಮುಗಿಯಿತು, ಇಳಿಯುವ ಹೊತ್ತು. "ಇಳಿಜಾರಲ್ವಾ, ನ್ಯೂಟ್ರಲ್‌ಗೆ ಹಾಕು" ಎಂಬ ಸಲಹೆ ಹಿಂದಿನ ಸೀಟಿನಿಂದ ಬರಬಹುದು. ಈಗಿನ ಫ್ಯುಯೆಲ್ ಇಂಜೆಕ್ಷನ್ ಕಾರುಗಳು ಗೇರಿನಲ್ಲಿ, ಆಕ್ಸಿಲರೇಟರ್ ಒತ್ತದೆ ಇಳಿಯುವಾಗ ಇಂಧನವನ್ನು ತಾವೇ ನಿಲ್ಲಿಸಿಬಿಡುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಉರಿಯುತ್ತಿರಲು ಇಂಧನ ಬೇಕೇ ಬೇಕು. ಅಂದರೆ ಉಳಿತಾಯವೂ ಇಲ್ಲ.

ಅಪಾಯವಂತೂ ಇದೆ. ನ್ಯೂಟ್ರಲ್‌ನಲ್ಲಿ ಗಾಡಿಯ ಭಾರವನ್ನೆಲ್ಲ ಬ್ರೇಕೇ ತಡೆಯಬೇಕು. ತಿರುವು ತಿರುವಿಗೂ ಒತ್ತಿ ಒತ್ತಿ ಬ್ರೇಕ್ ಕಾದು ಕೆಂಪಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಕೊನೆಗೆ ಹಿಡಿತ ತಪ್ಪುತ್ತದೆ. ಪ್ರವಾಸಿ ವಾಹನಗಳು ಕಲ್ಹಟ್ಟಿಯಲ್ಲಿ ಇಳಿಯದಂತೆ ನಿರ್ಬಂಧ ಹಾಕಿದ್ದರ ಹಿಂದೆ ಇರುವುದು ಇಂಥ ಅಪಘಾತಗಳೇ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ. ಕಡಿದಾದ ಕಡೆ ಎರಡನೇ ಗೇರು. ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ತಣಿಯಲು ಬಿಡಿ. ಬಿಸಿಯಾದ ಬ್ರೇಕಿನ ಮೇಲೆ ನೀರು ಸುರಿಯಬೇಡಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಗೇಟು ಹಾಕುವ ಮೊದಲು ದಾಟಬೇಕೆಂಬ ಅವಸರವೇ ಅಪಘಾತಕ್ಕೆ ದಾರಿಯಾಗಬಹುದು. ಒಂದು ಗಂಟೆ ಮೊದಲೇ ಹೊರಡಿ.

ಕೊನೆಗೆ ನೆನಪಿಡಬೇಕಾದದ್ದು

ಇಷ್ಟೆಲ್ಲ ಓದಿ ರಜೆಯ ಆಸೆಯೇ ಹೋಯಿತು ಎನ್ನಬೇಡಿ. ನೆನಪಿನಲ್ಲಿಡಬೇಕಾದದ್ದು ಬೆರಳೆಣಿಕೆಯಷ್ಟು:

• ಕೆಂಡ ಹೊಸ್ತಿಲು ದಾಟಬಾರದು.
• ಮಕ್ಕಳು ನೀರಿನ ಹತ್ತಿರವಿದ್ದರೆ ಒಬ್ಬರ ಪಾಳಿ ಇರಲೇಬೇಕು.
• ಬೋಟಿನಲ್ಲಿ ಎಲ್ಲರಿಗೂ ಅಳತೆಗೆ ತಕ್ಕ, ಬಿಗಿಯಾದ ಲೈಫ್ ಜಾಕೆಟ್.
• ಒಂದೇ ಕೋಣೆಯಲ್ಲಿ ಇಬ್ಬರಿಗೆ ಒಟ್ಟಿಗೆ ತಲೆನೋವು ಬಂದರೆ ಮೊದಲು ಹೊರಗೆ ಬನ್ನಿ.
• ಇಳಿಯುವಾಗ ಗೇರಿನಲ್ಲೇ ಇಳಿಯಿರಿ.

ಹೊರಡುವ ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ಮನೆಮಂದಿಗೆಲ್ಲ ಇವನ್ನು ಒಮ್ಮೆ ಹೇಳಿಬಿಡಿ, ಮಕ್ಕಳಿಗೂ ಸಹ. ಆಮೇಲೆ ಕಿವಿ "ಟಪ್" ಎಂದರೆ ನಕ್ಕುಬಿಡಿ, ಉಬ್ಬಿದ ಚಿಪ್ಸ್ ಪೊಟ್ಟಣ ಒಡೆದು ತಿನ್ನಿ, ಬೇಳೆ ಬೇಯದಿದ್ದರೆ ಹೊರಗೆ ಊಟ ಮಾಡಿ. ರಾತ್ರಿ ಕೆಂಡವನ್ನು ಅಂಗಳದಲ್ಲೇ ಬಿಟ್ಟು, ಎರಡು ಕಂಬಳಿ ಹೊದ್ದು ನಿಶ್ಚಿಂತೆಯಿಂದ ಮಲಗಿ.